ಮೂಲೆಯ ಸೊನ್ನೆಗಳು

ಐವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ನನಗೊಂದು ರಿಜಿಸ್ಟರ್ಡ್ ಕಟ್ಟು ಬಂತು. ಆಗ ನಾನು ಗುಂಡ್ಲುಪೇಟೆಯ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮದುವೆಯಾಗಿ ಒಂದು ವರ್ಷವಾಗಿತ್ತು. ಊಟಿ ರಸ್ತೆಯ ಹಿಂದಿನ ಬೀದಿಯಲ್ಲಿ ಒಂದು ಪಡಸಾಲೆ, ಒಂದು ಅಡುಗೆಮನೆ, ಹಿತ್ತಿಲಲ್ಲೊಂದು ಕರಿಬೇವಿನ ಗಿಡ ಇದ್ದ ಬಾಡಿಗೆ ಮನೆಯಲ್ಲಿದ್ದೆವು.

ಕಟ್ಟು ಕಳಿಸಿದವನು ನನ್ನ ಗೆಳೆಯ. ಚಾಮರಾಜನಗರದ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತವರು. ಮೈಸೂರಿನಲ್ಲಿ ಬಿ.ಎಸ್ಸಿ. ಓದುವಾಗ ಒಂದೇ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದವರು. ಕೊನೆಯ ಪರೀಕ್ಷೆಯಲ್ಲಿ ಅವನಿಗೆ ಮೊದಲ ದರ್ಜೆ ಬಂತು, ನನಗೆ ಕೈಗೆಟುಕುವಷ್ಟರಲ್ಲಿ ತಪ್ಪಿತು. ಅದೇ ವರ್ಷ ಸಂತೆಮರಹಳ್ಳಿ ಹತ್ತಿರದ ನಮ್ಮ ಹೊಲದಲ್ಲಿ ಅಪ್ಪ ಬಿದ್ದು ಸೊಂಟ ಮುರಿದುಕೊಂಡರು. ನಾನು ಊರಿಗೆ ವಾಪಸಾದೆ, ಅವನು ಬೆಂಗಳೂರಿಗೆ ಸಂಶೋಧನೆಗೆ ಹೋದ. ಅವನ ಕಾಗದ ಬಂದಾಗಲೆಲ್ಲ ನಾನು ಎರಡು ಸಲ ಓದುತ್ತಿದ್ದೆ. ಮೊದಲನೆಯದು ಸಮಾಚಾರಕ್ಕೆ, ಎರಡನೆಯದು ಎಲ್ಲಾದರೂ ಜಂಬ ಕೊಚ್ಚಿಕೊಂಡಿದ್ದಾನೆಯೇ ಎಂದು ಹುಡುಕುವುದಕ್ಕೆ. ಅವನು ಕೊಚ್ಚಿಕೊಂಡವನಲ್ಲ. ಕೊಚ್ಚಿಕೊಂಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ಕಟ್ಟಿನಲ್ಲಿ ಚೌಕುಳಿ ಗೆರೆ ಹಾಕಿದ ದೊಡ್ಡ ಹಾಳೆಗಳಿದ್ದವು, ಒಂದು ಕಾಗದವೂ ಇತ್ತು. ಜೇಡಿಮಣ್ಣಿನ ಗಟ್ಟಿ ಕೆಸರನ್ನು ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಅಂಚಿನವರೆಗೂ ತುಂಬಿ, ಮೇಲಿನ ಮುಚ್ಚಳವನ್ನು ಮಾತ್ರ ಒಂದು ಕಡೆಗೆ ಎಳೆಯುತ್ತ ಹೋದರೆ ಒಳಗಿನ ಕೆಸರು ಎಲ್ಲೆಲ್ಲಿ ಹೇಗೆ ಹರಿಯುತ್ತದೆ? ಅವನು ಹಿಡಿದಿದ್ದ ಪ್ರಶ್ನೆ ಇದು. ನೀರಾದರೆ ಮುಟ್ಟಿದರೆ ಸಾಕು, ಹರಿಯುತ್ತದೆ. ಕೆಸರು ಹಾಗಲ್ಲ. ಇಷ್ಟು ಬಲ ಬೀಳುವವರೆಗೆ ಕಲ್ಲಿನಂತೆ ಕೂತಿರುತ್ತದೆ, ಅದನ್ನು ಮೀರಿದ ಮೇಲೆ ಮಾತ್ರ ಹರಿಯುತ್ತದೆ. ಪೆಟ್ಟಿಗೆಯ ಚಿತ್ರವನ್ನು ಚೌಕಗಳಾಗಿ ಸೀಳಿ, ಗೆರೆ ಗೆರೆ ಕೂಡುವ ಪ್ರತಿ ಬಿಂದುವಿಗೂ ಹರಿವಿನ ಒಂದು ಅಂಕಿ ಊಹಿಸಿ ಬರೆಯಬೇಕು. ಆಮೇಲೆ ಆ ಬಿಂದುವಿನ ಸುತ್ತಲಿನ ಹನ್ನೆರಡು ಅಂಕಿಗಳನ್ನು ಗುಣಿಸಿ ಕೂಡಿ ಕಳೆದು, ಊಹೆ ಎಷ್ಟು ತಪ್ಪಾಗಿದೆ ಎಂದು ನೋಡಿ ತಿದ್ದಬೇಕು. ಒಂದನ್ನು ತಿದ್ದಿದರೆ ಪಕ್ಕದ್ದು ಕೆಡುತ್ತದೆ, ಅದನ್ನು ತಿದ್ದಿದರೆ ಅದರಾಚೆಯದು. ಹೀಗೆ ತಿದ್ದುತ್ತ ತಿದ್ದುತ್ತ ಎಲ್ಲ ತಪ್ಪುಗಳೂ ಸವೆದು ಹೋಗುವವರೆಗೆ ಬಿಡುವಂತಿಲ್ಲ. ಅವನ ಸಂಸ್ಥೆಯಲ್ಲಿ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ ಒಂದೇ ಇತ್ತು, ಅದಕ್ಕೆ ಕಾದು ನಿಂತವರು ಹತ್ತು ಜನ.

"ತಪ್ಪಿಲ್ದೆ ಲೆಕ್ಕ ಮಾಡೋರು ನಿನ್ನಂಗ ಇನ್ನೊಬ್ರು ನಂಗ ಗೊತ್ತಿಲ್ಲ ಕಣ್ಲಾ. ರಜದಲ್ಲಿ ಪುರುಸೊತ್ತಾದ್ರ ಮಾಡ್ಕೊಡು" ಎಂದು ಬರೆದಿದ್ದ.

ಹಿಗ್ಗಿದೆ ಎಂದೇ ಹೇಳಬೇಕು. ಮರುದಿನವೇ ಪಡಸಾಲೆಯ ಕಿಟಕಿಯ ಹತ್ತಿರ ಮಣೆ ಹಾಕಿಕೊಂಡು ಕೂತೆ. ಎರಡು ವಾರ ಕಳೆಯುವಷ್ಟರಲ್ಲಿ ಹಿಗ್ಗು ಇಳಿಯಿತು. ಅಂಕಿಗಳು ಮುಗಿಯುವ ಹಾಗೆಯೇ ಇರಲಿಲ್ಲ. ಬೆಳಿಗ್ಗೆ ತಿದ್ದಿದ ಸಾಲು ಮಧ್ಯಾಹ್ನದ ಹೊತ್ತಿಗೆ ಮತ್ತೆ ಕೆಟ್ಟಿರುತ್ತಿತ್ತು.

ನನ್ನ ಹೆಂಡತಿ ಉಮ್ಮತ್ತೂರಿನವಳು. ಅವಳ ಅಪ್ಪ ಬೇಸಾಯಗಾರ. ಮಿಡ್ಲ್ ಸ್ಕೂಲು ಮುಗಿಯುತ್ತಲೇ ಹೆಣ್ಣುಮಗಳಿಗೆ ಇಷ್ಟು ಸಾಕೆಂದು ಬಿಡಿಸಿದ್ದರು. ಅವಳು ಓದಿದವಳೆಂಬುದು ನನಗೆ ಗೊತ್ತಿತ್ತು. ಓದಿದ್ದೇನು, ಅದರಲ್ಲಿ ಯಾವುದು ಇಷ್ಟ ಎಂದು ಒಂದು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಒಂದು ದಿನ ಊಟಕ್ಕೆ ಮುಂಚೆ ಅವಳು ಬಾಗಿಲಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು. ನಾನು ಒಂದು ಗುಣಾಕಾರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಎರಡು ಸಲ ಮಾಡಿ ಎರಡು ಉತ್ತರ ಪಡೆದಿದ್ದೆ.

ಅವಳು ಮೊರದಿಂದ ತಲೆ ಎತ್ತದೆ, "ಎಲ್ಡೂ ತಪ್ಪು" ಎಂದಳು. ಆಮೇಲೆ ಸರಿಯಾದ ಉತ್ತರ ಹೇಳಿದಳು.

ನಾನು ಹಾಳೆಯ ಮೇಲೆ ಮೂರನೆಯ ಸಲ ಮಾಡಿ ನೋಡಿದೆ. ಅವಳು ಹೇಳಿದ್ದೇ ಸರಿ.

"ಎಂಗ್ ಮಾಡುದ್ದೆ?"

"ನೀವು ಜೋರಾಗ್ ಹೇಳ್ತಿದ್ರಲ್ಲ, ಕೇಳುಸ್ತು" ಎಂದಳು.

ಅಂದಿನಿಂದ ಅವಳನ್ನು ಕೂಡುವ ಕಳೆಯುವ ಕೆಲಸಕ್ಕೆ ಸೇರಿಸಿಕೊಂಡೆ. ಅವಳಿಗೊಂದು ಸ್ಲೇಟು ಕೊಟ್ಟೆ. ನಾಲ್ಕು ದಿನವಾದ ಮೇಲೆ ಸ್ಲೇಟು ಬಿಟ್ಟು ಹಾಳೆ ಕೇಳಿದಳು. ಪೆಟ್ಟಿಗೆಯ ಎಡದ ಅರ್ಧ ನನಗೆ, ಬಲದ ಅರ್ಧ ಅವಳಿಗೆ ಎಂದು ಹಂಚಿಕೊಂಡೆವು. ಬೆಳಿಗ್ಗೆ ಅಡುಗೆ ಮುಗಿಸಿ, ಬಟ್ಟೆ ಒಗೆದು ಹಾಕಿ, ಹತ್ತು ಗಂಟೆಗೆ ನನ್ನ ಎದುರು ಕೂರುತ್ತಿದ್ದಳು. ಬೀದಿಯಾಚೆ ಕೇರಳದ ಕಡೆಗೆ ಹೋಗುವ ಲಾರಿಗಳು ಚಾ ಅಂಗಡಿಯ ಮುಂದೆ ನಿಂತು ಹೊರಡುತ್ತಿದ್ದವು. ನಾನು ಒಂದೊಂದು ಲಾರಿ ಹೊರಟಾಗಲೂ ತಲೆ ಎತ್ತುತ್ತಿದ್ದೆ, ಅವಳು ಎತ್ತುತ್ತಿರಲಿಲ್ಲ. ಅವಳ ಭಾಗ ನನ್ನದಕ್ಕಿಂತ ಬೇಗ ಮುಗಿಯುತ್ತಿತ್ತು. ಮೊದಮೊದಲು ಅದು ನನಗೆ ತಮಾಷೆ ಅನ್ನಿಸಿತು. ಆಮೇಲೆ ನಾನು ಅವಳ ಹಾಳೆಯ ಕಡೆ ಕದ್ದು ನೋಡಿ ಎಷ್ಟು ಸಾಲು ಮುಂದಿದ್ದಾಳೆಂದು ಎಣಿಸತೊಡಗಿದೆ. ಅವಳು ತಪ್ಪು ಮಾಡಲಿ ಎಂದು ಕಾಯುತ್ತಿದ್ದೆ. ಒಮ್ಮೆ ಒಂದು ಕಡೆ ಕೈಯಲ್ಲಿ ಉಳಿದ ದಶಕವನ್ನು ಕೂಡಲು ಮರೆತಿದ್ದಳು. ಅದನ್ನು ತೋರಿಸುವಾಗ ನನಗಾದ ಖುಷಿಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕೆಲಸಕ್ಕೆ ಸೇರಿದ ಮೂರನೆಯ ವಾರ ಅವಳು ನನ್ನ ಹಾಳೆಯನ್ನೂ ತನ್ನದನ್ನೂ ಅಕ್ಕಪಕ್ಕ ಇಟ್ಟುಕೊಂಡು ಸುಮ್ಮನೆ ನೋಡುತ್ತ ಕೂತಿದ್ದಳು.

"ಏನಾಯ್ತಮ್ಮಿ?" ಎಂದೆ.

"ನಿಮ್ದು ನಂದು ಒಂದೇ ಅದ" ಎಂದಳು. "ನೀವು ಎಡಕ್ಕ ಬರ್ದಿದ್ರಿ, ನಾನು ಬಲಕ್ಕ ಬರ್ದಿವ್ನಿ. ಅಂಕಿ ಮಾತ್ರ ಒಂದೇಯ. ಮುಚ್ಚಳ ಆ ಕಡಕ್ಕ ಎಳುದ್ರೂ ಈ ಕಡಕ್ಕ ಎಳುದ್ರೂ ಅಷ್ಟೇಯ ಅಲ್ವಾ? ಅಂದ್ಮೇಲ ಅರ್ಧ ಪೆಟ್ಗ ಮಾಡುದ್ರ ಸಾಲ್ದಾ?"

ನಾನು ನೋಡಿದೆ. ಅಲ್ಲೊಂದು ಇಲ್ಲೊಂದು ಕಡೆಯ ಅಂಕಿ ಬಿಟ್ಟರೆ ಕನ್ನಡಿಯಲ್ಲಿ ಕಂಡ ಹಾಗೆ ಎರಡೂ ಒಂದೇ. ಕೆಸರು ತೀರ ನಿಧಾನವಾಗಿ ಹರಿಯುತ್ತದೆ ಎಂದು ಹಿಡಿದಾಗ ಅದು ಹಾಗೆಯೇ ಇರಬೇಕು. ಸಮೀಕರಣವನ್ನು ಒಂದು ಗಳಿಗೆ ನೆಟ್ಟಗೆ ನೋಡಿದ್ದರೆ ಮೊದಲ ದಿನವೇ ನನಗೆ ಕಾಣಬೇಕಿತ್ತು. ಬಿ.ಎಸ್ಸಿ. ಓದಿದವನು ನಾನು. ಒಂದು ತಿಂಗಳಿಗೂ ಮೀರಿ ಎರಡರಷ್ಟು ಕೆಲಸ ಮಾಡಿದ್ದೆ.

"ಅದು ಗೊತ್ತಿರೋದೇಯ. ತಾಳೆ ನೋಡಕ್ಕ ಅಂತ ಎಲ್ಡೂ ಮಾಡುಸ್ತಿದ್ದೆ" ಎಂದುಬಿಟ್ಟೆ.

ಅವಳು "ಓ" ಎಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಎದ್ದು ಒಲೆಯ ಕಡೆ ಹೋದಳು.

ಆ ಸಂಜೆ ಗೆಳೆಯನಿಗೆ ಕಾಗದ ಬರೆದೆ. ಅರ್ಧ ಪೆಟ್ಟಿಗೆ ಮಾಡಿದರೆ ಸಾಕೆಂದು ನನಗೆ ಹೊಳೆಯಿತು ಎಂದು ಬರೆದೆ. 'ನನಗೆ' ಎಂಬ ಮಾತನ್ನು ಬರೆಯುವಾಗ ಪೆನ್ನು ಒಂದು ಕ್ಷಣವೂ ತಡೆಯಲಿಲ್ಲ. ಅವಳ ಹಾಳೆಗಳನ್ನು ನನ್ನ ಅಕ್ಷರದಲ್ಲಿ ನಕಲು ಮಾಡಿ ಕಳಿಸಿದೆ. ಚೊಕ್ಕ ಪ್ರತಿ ಮಾಡಬೇಕಲ್ಲ, ಅವಳ ಅಂಕಿ ಬಹಳ ಸಣ್ಣದು ಎಂದು ನನಗೆ ನಾನೇ ಕಾರಣ ಹೇಳಿಕೊಂಡೆ.

ಹತ್ತು ದಿನದಲ್ಲಿ ಉತ್ತರ ಬಂತು. "ಇಲ್ಲಿ ನಾವ್ಯಾರೂ ಅದ್ನ ನೋಡಿರ್ನಿಲ್ಲ ಕಣ್ಲಾ. ನಮ್ ಪ್ರೊಫೆಸರ್ ನಿನ್ ಹೆಸರು ಕೇಳುದ್ರು. ನೀನು ಓದು ಬುಡ್ಬಾರ್ದಿತ್ತು" ಎಂದಿತ್ತು. ಆ ಕೊನೆಯ ಮಾತಿಗಾಗಿ ನಾನು ಮೂರು ವರ್ಷದಿಂದ ಕಾದಿದ್ದೆ. ಅದು ಬಂದಾಗ ನನ್ನದಾಗಿರಲಿಲ್ಲ. ಕಾಗದವನ್ನು ಮಡಿಸಿ ಕೋಟಿನ ಜೇಬಿಗಿಟ್ಟೆ. ಏನು ಬರೆದಿದ್ದಾರೆ ಎಂದು ಅವಳು ಕೇಳಿದ್ದಕ್ಕೆ, "ಬಂತಂತ, ಚೆನ್ನಾಗಿದ್ದಾನಂತ" ಎಂದೆ.

ರಜೆ ಮುಗಿದು ಶಾಲೆ ಶುರುವಾಯಿತು. ಹೊಸ ಹಾಳೆಗಳು ಬಂದವು. ಈ ಸಲ ಕೆಸರು ಇನ್ನೂ ಗಟ್ಟಿ, ಅಂದರೆ ಅದನ್ನು ಕದಲಿಸಲು ಇನ್ನೂ ಹೆಚ್ಚು ಬಲ ಬೇಕು. ನಾನು ಪಾಠ ಮಾಡಲು ಹೋದಾಗ ಅವಳು ಒಬ್ಬಳೇ ಮಾಡುತ್ತಿದ್ದಳು. ಸಂಜೆ ನಾನು ಬರುವಷ್ಟರಲ್ಲಿ ಹಾಳೆ ತುಂಬಿರುತ್ತಿತ್ತು, ನನಗೆ ಉಳಿಯುತ್ತಿದ್ದುದು ನಕಲು ಮಾಡುವ ಕೆಲಸ ಮಾತ್ರ. ಶಾಲೆಯಲ್ಲಿ ಹೆಡ್‌ಮಾಸ್ಟರಿಗೆ ನಾನು ಬೆಂಗಳೂರಿನ ಸಂಶೋಧನೆಯಲ್ಲಿ ಕೈಜೋಡಿಸಿದ್ದೇನೆಂದು ಹೇಳಿದ್ದೆ. ಅವರು ಒಂದು ದಿನ ಪ್ರಾರ್ಥನೆಯ ನಂತರ ಎಲ್ಲ ಹುಡುಗರೆದುರು ಆ ಮಾತನ್ನು ಎತ್ತಿದರು. ಮನೆಗೆ ಬಂದರೆ ಅವಳು ನೆಲದ ಮೇಲೆ ಹಾಳೆ ಹರಡಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ತುಟಿ ಅಲ್ಲಾಡಿಸುತ್ತ ಕೂತಿರುತ್ತಿದ್ದಳು. ನಾನು ಬಂದದ್ದೂ ಗೊತ್ತಾಗುತ್ತಿರಲಿಲ್ಲ. ನನ್ನ ಜೊತೆ ಇರುವಾಗ ಅವಳ ಮುಖದಲ್ಲಿ ಆ ಕಳೆಯನ್ನು ನಾನು ಕಂಡಿರಲಿಲ್ಲ. ಯಾವುದರ ಮೇಲೆ ಹೊಟ್ಟೆಕಿಚ್ಚು ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಅವಳ ಮೇಲೆ, ಗೆಳೆಯನ ಮೇಲೆ, ಹಾಳೆಯ ಮೇಲೆ ಕೂಡ.

ಒಂದು ಶನಿವಾರ ಮಧ್ಯಾಹ್ನ ಆ ಹೊಸ ಹಾಳೆ ನಕಲು ಮಾಡಲು ಕೂತೆ. ಪೆಟ್ಟಿಗೆಯ ಕೆಳಗಿನ ಮೂಲೆಯಲ್ಲಿ ಅವಳು ಸೊನ್ನೆಗಳನ್ನು ಬರೆದಿದ್ದಳು. ಒಂದೆರಡಲ್ಲ, ಒಂದು ಮೂಲೆ ತುಂಬ ಸೊನ್ನೆ. ನಡುವಿನ ಅಂಕಿಗಳು ಚೆನ್ನಾಗಿ ಇಳಿಯುತ್ತ ಬಂದು ಅಲ್ಲಿ ತಟಕ್ಕನೆ ನಿಂತುಹೋಗಿದ್ದವು.

"ಇದೇನಿದು, ಬ್ಯಾಸರ ಆಗಿ ಬುಟ್ಟುಬುಟ್ಯಾ?" ಎಂದೆ.

"ಇಲ್ಲ ಕಣ್ರಿ. ಅಲ್ಲಿ ಎಷ್ಟು ತಿದ್ದುದ್ರೂ ಸೊನ್ನೆಗೇ ಬತ್ತದ. ಅಲ್ಲಿಗ ಆ ಬಲ ಮುಟ್ಟಾಕಿಲ್ಲ. ಮಣ್ಣು ಕುಂತಿರ್ತದ."

"ಹರಿಯೋದು ಅಂದ್ರ ಅಂಗ ತಟ್ಟಂತ ನಿಲ್ಲಕ್ಕಿಲ್ಲ. ತೂಬಿನ ಮೂಲೇಲಿ ನೋಡಿಲ್ವಾ ನೀನು? ಸಣ್ಣಗಾದ್ರೂ ಸುತ್ತತಾನೆ ಇರ್ತದ."

"ಅದು ನೀರು" ಎಂದಳು ಅವಳು, ಮೆಲ್ಲಗೆ.

ಆ ಎರಡು ಪದ ನನ್ನನ್ನು ಚುಚ್ಚಿದವು. ಅವಳು ಹಿತ್ತಿಲಿಗೆ ನೀರು ಸೇದಲು ಹೋದಾಗ, ನಕಲು ಹಾಳೆಯ ಆ ಮೂಲೆಯಲ್ಲಿ ಸೊನ್ನೆಗಳ ಬದಲು ನಾನು ನನ್ನ ಅಂಕಿಗಳನ್ನು ತುಂಬಿದೆ. ಸಣ್ಣ ಸಣ್ಣ ಅಂಕಿಗಳು, ಮೂಲೆಯ ಕಡೆಗೆ ನಯವಾಗಿ ಇಳಿಯುವಂಥವು. ಲೆಕ್ಕ ಮಾಡಿ ತುಂಬಿದವಲ್ಲ, ಕಣ್ಣಳತೆಯಲ್ಲಿ ತುಂಬಿದವು. ಅವಳು ಅರ್ಧಕ್ಕೆ ಬಿಟ್ಟದ್ದನ್ನು ನಾನು ಪೂರ್ತಿ ಮಾಡುತ್ತಿದ್ದೇನೆ ಎಂದು ಆ ಹೊತ್ತಿಗೆ ನಿಜವಾಗಿ ನಂಬಿದ್ದೆ. ಇಡೀ ಹಾಳೆಯಲ್ಲಿ ನನ್ನದು ಎನ್ನುವ ಅಂಕಿಗಳು ಅವು ಮಾತ್ರ ಎಂಬುದೂ ಗೊತ್ತಿತ್ತು. ಸೋಮವಾರ ಪೋಸ್ಟಾಫೀಸಿಗೆ ಕೊಟ್ಟು ಬಂದೆ.

ಒಂದೂವರೆ ತಿಂಗಳು ಕಾಗದವೇ ಇಲ್ಲ. ಆಮೇಲೊಂದು ಕಾರ್ಡು ಬಂತು. "ಭಾನುವಾರ ಬತ್ತಿವ್ನಿ, ಊರಲ್ಲಿರು" ಎಂದಷ್ಟೇ.

ಭಾನುವಾರ ಮೈಸೂರಿನ ಬಸ್ಸಿನಿಂದ ಇಳಿದಾಗ ಅವನ ಕೈಯಲ್ಲಿ ಒಂದು ತಗಡಿನ ಟ್ರಂಕು ಇತ್ತು, ಭಾರವಾಗಿತ್ತು. ಇಬ್ಬರೂ ಹಿಡಿಯೊಂದೊಂದು ಹಿಡಿದು ಮನೆಗೆ ತಂದೆವು. ದಾರಿಯಲ್ಲಿ ನನ್ನ ಅಪ್ಪನ ಆರೋಗ್ಯ ವಿಚಾರಿಸಿದ. ಲೆಕ್ಕದ ವಿಷಯ ಎತ್ತಲಿಲ್ಲ. ಸೊರಗಿದ್ದ. ಮನೆಯಲ್ಲಿ ನನ್ನ ಹೆಂಡತಿ ಕೈಕಾಲಿಗೆ ನೀರು ಕೊಟ್ಟಳು. ಅವನು "ಚೆನ್ನಾಗಿದ್ದೀಯಾ ತಂಗ್ಯವ್ವ?" ಎಂದ. ಅವಳು "ಊ ಅಣ್ಣ" ಎಂದು ಒಳಗೆ ಹೋಗಿ ಕಾಫಿಗೆ ಇಟ್ಟಳು.

ಅವನು ಟ್ರಂಕು ತೆರೆದು ಒಂದು ಪೆಟ್ಟಿಗೆ ತೆಗೆದ. ಮುಂಭಾಗಕ್ಕೆ ಗಾಜು, ಉಳಿದದ್ದು ಹಲಗೆ. ಒಳಗೆ ಬಿಳಿ ಜೇಡಿಯ ಕೆಸರು, ಒದ್ದೆ ಬಟ್ಟೆ ಸುತ್ತಿ ಆರದಂತೆ ತಂದಿದ್ದ. ಗಾಜಿನ ಹಿಂದೆ ಕೆಸರಿನ ಮೇಲೆ ಕಾಡಿಗೆಯಿಂದ ಸಾಲುಸಾಲಾಗಿ ಚುಕ್ಕೆ ಇಟ್ಟಿದ್ದ. ಮೇಲೆ ಒಂದು ಉದ್ದನೆಯ ಹಲಗೆ, ಅದೇ ಮುಚ್ಚಳ.

"ಎಳಿ" ಎಂದ ನನಗೆ. "ನಿಧಾನಕ್ಕ."

ನಾನು ಹಲಗೆ ಹಿಡಿದು ಎಳೆದೆ. ಮೇಲಿನ ಸಾಲಿನ ಚುಕ್ಕೆಗಳು ಜೊತೆಯಲ್ಲೇ ಬಂದವು. ನಡುವಿನವು ಬಾಗಿ ಸುತ್ತತೊಡಗಿದವು. ಕೆಳಗಿನ ಮೂಲೆಯ ಚುಕ್ಕೆಗಳು ಇಟ್ಟಲ್ಲೇ ಇದ್ದವು. ಹಲಗೆಯ ತುದಿಯವರೆಗೂ ಎಳೆದೆ. ಅವು ಕೂದಲೆಳೆಯಷ್ಟೂ ಕದಲಲಿಲ್ಲ.

"ನೀ ಕಳ್ಸಿದ್ ಹಾಳೇಲಿ ಇವು ಸುತ್ತುತವ" ಎಂದ ಅವನು. "ನಾನು ತಾಳೆ ನೋಡದೇನೆ ಪ್ರೊಫೆಸರ್ ಮುಂದ ಇಟ್ಬುಟ್ಟೆ. ನಿನ್ ಲೆಕ್ಕ ಅಂತ ನೋಡ್ನಿಲ್ಲ. ಅವ್ರು ಎಲ್ಲರ ಮುಂದಾನೂ ಕೇಳುದ್ರು, ಈ ಅಂಕಿ ಎಲ್ಲಿಂದ ಬಂತು ಅಂತ. ನಂಗ ಹೇಳಕ್ಕ ಬರ್ನಿಲ್ಲ. ಮಿಕ್ಕಿದ್ದೆಲ್ಲಾ ಸರಿ ಇದ್ದು ಈ ಮೂಲೆ ಮಾತ್ರ ಎಂಗ ತಪ್ತು ಅಂತ ಒಂದು ತಿಂಗ್ಳಿಂದ ತಲೆ ಕೆಡುಸ್ಕಂಡಿವ್ನಿ."

ನಾನು ಹಲಗೆಯನ್ನು ಹಿಡಿದೇ ಕೂತಿದ್ದೆ. ಕಾಫಿ ತಂದ ನನ್ನ ಹೆಂಡತಿ ಲೋಟಗಳನ್ನು ನೆಲಕ್ಕಿಟ್ಟು, ಬಗ್ಗಿ ಗಾಜಿನೊಳಗೆ ನೋಡಿದಳು.

"ಅಲ್ಲಿ ಸೊನ್ನೆ ಅಲ್ವಾ ಬರ್ದಿದ್ದುದ್ದು, ಅಣ್ಣ?" ಎಂದಳು.

ಅವನು ತಲೆ ಎತ್ತಿ ಅವಳನ್ನು ನೋಡಿದ. "ಯಾರು ಬರ್ದಿದ್ದುದ್ದು ತಂಗ್ಯವ್ವ?"

ಅವಳು ನನ್ನ ಕಡೆ ನೋಡಿದಳು. ನಾನು ಪೆಟ್ಟಿಗೆಯನ್ನು ನೋಡುತ್ತಿದ್ದೆ. ಅವಳು ಒಳಗೆ ಹೋಗಿ, ಸೀರೆ ಇಡುವ ಪೆಟ್ಟಿಗೆಯ ತಳದಿಂದ ತನ್ನ ಹಾಳೆಗಳ ಕಂತೆ ತಂದು ಅವನ ಮುಂದಿಟ್ಟಳು. ಅವಳು ಅವನ್ನೆಲ್ಲ ಜೋಪಾನ ಮಾಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅವನು ಒಂದೊಂದಾಗಿ ತಿರುವಿದ. ಅರ್ಧ ಪೆಟ್ಟಿಗೆಯ ಹಾಳೆ ಬಂತು, ಮೂಲೆಯ ಸೊನ್ನೆಗಳ ಹಾಳೆ ಬಂತು. ತನ್ನ ಚೀಲದಿಂದ ನಾನು ಕಳಿಸಿದ ನಕಲನ್ನು ತೆಗೆದು ಅದರ ಪಕ್ಕ ಇಟ್ಟ. ಎರಡನ್ನೂ ಅವಳೂ ನೋಡಿದಳು, ಅವನೂ ನೋಡಿದ.

"ನಾನೇ ಬದ್ಲಾಯಿಸ್ದೆ" ಎಂದೆ. "ಲೆಕ್ಕ ಎಲ್ಲಾ ಅವಳ್ದು. ಅರ್ಧ ಮಾಡುದ್ರ ಸಾಕು ಅಂದದ್ದೂ ಅವ್ಳೆ."

ಬೈಯುತ್ತಾನೆಂದು ಕಾದೆ. ಅವನು ಬೈಯಲಿಲ್ಲ. ಕಾಫಿ ಕುಡಿದು ಲೋಟ ಬದಿಗಿಟ್ಟು, "ಇಲ್ಲಿ ಕೂತ್ಕೊ ತಂಗ್ಯವ್ವ. ಈ ಸೊನ್ನೆ ಎಲ್ಲಿಗ ನಿಲ್ಸದು ಅಂತ ಎಂಗ್ ಗೊತ್ತಾಯ್ತು, ಹೇಳು" ಎಂದ. ಅವಳು ಮೊದಲು ನಿಂತೇ ಹೇಳಿದಳು. ಆಮೇಲೆ ಕೂತಳು. ಹಾಳೆಯ ಮೇಲೆ ಬೆರಳಿಟ್ಟು, ಇಲ್ಲಿಂದ ಇಲ್ಲಿಗೆ ಅಂಕಿಯ ವ್ಯತ್ಯಾಸ ಇಷ್ಟಕ್ಕಿಂತ ಕಡಿಮೆಯಾದರೆ ಅಲ್ಲಿ ಗೆರೆ ಎಳೆದು ಬಿಡುತ್ತಿದ್ದೆ, ಒಂದು ಸುತ್ತು ತಿದ್ದಿದ ಮೇಲೆ ಗೆರೆಯನ್ನು ಮತ್ತೆ ಜರುಗಿಸುತ್ತಿದ್ದೆ ಎಂದು ವಿವರಿಸಿದಳು. ಅವನು ನಡುನಡುವೆ ಪ್ರಶ್ನೆ ಕೇಳುತ್ತಿದ್ದ. ಅವಳು ಒಂದು ಕಡೆ "ಅದು ನಂಗೂ ಅನ್ಮಾನವೇಯ ಅಣ್ಣ" ಎಂದಳು, ಅವನು ನಕ್ಕು "ನಂಗೂವೆ" ಎಂದ. ಒಂದು ಗಂಟೆಗೂ ಮೀರಿ ಮಾತಾಡಿದರು. ಅವಳು ಒಂದು ಗಂಟೆ ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಅದೇ ಕೋಣೆಯಲ್ಲಿ, ಮೂರು ಮೊಳ ದೂರದಲ್ಲಿ, ಕೈಗೆ ಮೆತ್ತಿದ್ದ ಜೇಡಿಯನ್ನು ಉಜ್ಜಿ ತೆಗೆಯುತ್ತ ಕೂತಿದ್ದೆ. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಸಂಜೆ ಬಸ್ಸಿಗೆ ಬಿಡಲು ಹೋದೆ. ಬಸ್ಸು ಬರುವವರೆಗೆ ಅವನು ಟ್ರಂಕಿನ ಮೇಲೆ ಕೂತಿದ್ದ.

"ನಿನ್ ಹೆಸರು ಹಾಕ್ಕಂಡದ್ದು ನಂಗ ಅರ್ಥ ಆಯ್ತದ ಕಣ್ಲಾ" ಎಂದ. "ನಾನೂ ಆಗಾಗ ಅಂತಾವ್ ಮಾಡಿವ್ನಿ. ಅಂಕಿ ತಿದ್ಬಾರ್ದಿತ್ತು."

"ಊ" ಎಂದೆ.

"ಮುಂದುಲ್ ಹಾಳೆ ಅವ್ಳ ಹೆಸರಿಗೇ ಕಳ್ಸ್ತೀನಿ. ಆಯ್ತಾ?"

ಆಯ್ತು ಎಂದೆ.

ಮನೆಗೆ ಬಂದಾಗ ಅವಳು ಒಲೆಯ ಮುಂದೆ ರಾಗಿಹಿಟ್ಟು ತಿರುವುತ್ತಿದ್ದಳು. ಊಟ ಬಡಿಸಿದಳು, ಪಾತ್ರೆ ತೊಳೆದಳು. ಮರುದಿನವೂ ಉಪ್ಪು ತನ್ನಿ, ನೀರು ಕಾದಿದೆ ಎಂಬಷ್ಟೇ ಮಾತು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಬಾಗಿಲ ಹತ್ತಿರ ಬಂದು ನಿಂತಳು.

"ನಿಮ್ ಹೆಸರು ಹಾಕಂಡಿದ್ರ ನಂಗೇನು ಆಯ್ತಿರ್ನಿಲ್ಲ. ನಾನೇನ್ ಹೆಸರಿಗ ಮಾಡ್ನಿಲ್ಲ" ಎಂದಳು. "ನನ್ ಸೊನ್ನೆ ಯಾಕ ಅಳ್ಸುದ್ರಿ?"

"ಹೊಟ್ಟೆಕಿಚ್ಚು ಕಣಮ್ಮಿ" ಎಂದು ಹೇಳಲು ನನಗೆ ಇನ್ನೊಂದು ವರ್ಷ ಬೇಕಾಯಿತು. ಅಂದು ಛತ್ರಿ ತೆಗೆದುಕೊಂಡು ಹೊರಟುಬಿಟ್ಟೆ.

ಮುಂದಿನ ಕಟ್ಟು ಅವಳ ಹೆಸರಿಗೆ ಬಂತು. ಅವಳ ಹೆಸರಿಗೆ ಬಂದ ಮೊದಲ ಅಂಚೆ ಅದು. ಪೋಸ್ಟ್‌ಮ್ಯಾನ್ ಶಾಲೆಯ ಹತ್ತಿರವೇ ನನಗೆ ಸಿಕ್ಕಿ, "ಮೇಷ್ಟ್ರೇ, ಮನೆಯವ್ರುಗ ಬೆಂಗ್ಳೂರಿಂದ ಅದ" ಎಂದು ನಗುತ್ತ, ಸಹಿ ಮಾಡಿಸಿಕೊಂಡು ಕೊಟ್ಟ. ಅದನ್ನು ನಾನು ಸ್ಟಾಫ್ ರೂಮಿನ ಬೀರುವಿನಲ್ಲಿ ಎರಡು ದಿನ ಇಟ್ಟುಕೊಂಡೆ. ತೆರೆಯಲಿಲ್ಲ, ಕೊಡಲೂ ಇಲ್ಲ. ಮೂರನೆಯ ದಿನ ಕೊಟ್ಟಾಗ ಅವಳು ಮೇಲಿನ ಮೊಹರಿನ ತಾರೀಖು ನೋಡಿದಳು, ನನ್ನನ್ನು ನೋಡಿದಳು, ಕತ್ತರಿ ತಂದು ದಾರ ಕತ್ತರಿಸಿದಳು. ಅದಾದ ಮೇಲೆ ಬಂದ ಕಟ್ಟುಗಳನ್ನು ಒಂದು ಗಂಟೆಯೂ ತಡಮಾಡದೆ ತಂದುಕೊಟ್ಟಿದ್ದೇನೆ. ಹೊಟ್ಟೆಕಿಚ್ಚು ಇಲ್ಲವಾಯಿತೆಂದು ಸುಳ್ಳು ಹೇಳಲಾರೆ.

ಮರುವರ್ಷದ ಬೇಸಿಗೆಯ ಹೊತ್ತಿಗೆ ಅವಳು ಆರು ಬಗೆಯ ಕೆಸರಿಗೆ ಲೆಕ್ಕ ಮುಗಿಸಿದ್ದಳು. ಕೆಸರು ಗಟ್ಟಿಯಾದಷ್ಟೂ ಸೊನ್ನೆಗಳು ಮೂಲೆಯಿಂದ ಹಬ್ಬಿ, ಕೊನೆಕೊನೆಗೆ ಪೆಟ್ಟಿಗೆಯ ತಳವನ್ನೆಲ್ಲ ತುಂಬುತ್ತಿದ್ದವು. ಮುಚ್ಚಳದ ಕೆಳಗೆ ಒಂದು ತೆಳು ಪದರ ಮಾತ್ರ ಹರಿಯುತ್ತಿತ್ತು. ಗೆಳೆಯ ತನ್ನ ಪ್ರಬಂಧ ಒಪ್ಪಿಸಿದ. ಅದರ ಟೈಪು ಮಾಡಿದ ಪ್ರತಿಯೊಂದನ್ನು ನಮಗೆ ಕಳಿಸಿದ್ದ. ಕೃತಜ್ಞತೆಯ ಪುಟದಲ್ಲಿ ಅವಳ ಹೆಸರು ಒಂಟಿಯಾಗಿ ಒಂದು ಸಾಲಿನಲ್ಲಿತ್ತು. ನನ್ನ ಹೆಸರು ಅದರ ಕೆಳಗೆ, ಇನ್ನೂ ನಾಲ್ಕು ಜನರ ಜೊತೆ. ಇಂಗ್ಲಿಷಿನಲ್ಲಿದ್ದುದರಿಂದ ಅವಳು ನನಗೆ ಓದಿ ಹೇಳಲು ಕೊಟ್ಟಳು. ಇದ್ದದ್ದನ್ನು ಇದ್ದ ಹಾಗೆಯೇ ಓದಿದೆ. ಆಮೇಲೆ ಅವಳು ಇನ್ನೊಂದು ಸಲ ಓದಿ ಎಂದಳು. ಇನ್ನೊಂದು ಸಲವೂ ಓದಿದೆ. ಆಗಲೇ ನಾನು ಆ ಹೊಟ್ಟೆಕಿಚ್ಚಿನ ಮಾತನ್ನು ಹೇಳಿದ್ದು. ಅವಳು, "ಗೊತ್ತಿತ್ತು ಕಣ್ರಿ. ಉಮ್ಮತ್ತೂರ್ ನಮ್ಮಣ್ಣನ್ ಮೇಲ ನಂಗೂ ಇತ್ತು, ಅವನ್ನ ಹೈಸ್ಕೂಲ್ಗ ಕಳ್ಸುದ್ರಲ್ಲ" ಎಂದಳು. ಪ್ರಬಂಧವನ್ನು ಸೀರೆಯ ಪೆಟ್ಟಿಗೆಯಲ್ಲಿಟ್ಟಳು.

ಅದಾದ ವಾರದಲ್ಲಿ, ಖಾಸಗಿಯಾಗಿ ಎಸ್.ಎಸ್.ಎಲ್.ಸಿ. ಕಟ್ಟುತ್ತೇನೆ ಎಂದಳು. ಕೂಡದು ಎನ್ನಲು ನನಗೆ ಯಾವ ಮುಖವಿತ್ತು. ಒಂದೂವರೆ ವರ್ಷ ಇಂಗ್ಲಿಷನ್ನೂ ಚರಿತ್ರೆಯನ್ನೂ ನಾನು ಹೇಳಿಕೊಟ್ಟೆ. ಅವೆರಡರಲ್ಲಿ ಅವಳು ಒದ್ದಾಡುತ್ತಿದ್ದಳು, ನಾನು ಬಹಳ ತಾಳ್ಮೆಯಿಂದ ಕಲಿಸುತ್ತಿದ್ದೆ. ಒದ್ದಾಡಿದಾಗ ಪ್ರೀತಿ ಉಕ್ಕುತ್ತಿತ್ತು ಎಂದರೆ ನನ್ನ ಸಣ್ಣತನ ನಿಮಗೆ ತಿಳಿದೀತು. ಗಣಿತವನ್ನು ಅವಳು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಪರೀಕ್ಷೆ ಚಾಮರಾಜನಗರದಲ್ಲಿ. ಗಣಿತದ ದಿನ ಬೆಳಗಿನ ಬಸ್ಸಿನಲ್ಲಿ ತೆರಕಣಾಂಬಿ ಮಾರ್ಗವಾಗಿ ಹೋದೆವು. ಪ್ರಾಯದ ಹುಡುಗರ ನಡುವೆ, ತಾಳಿ ಕಟ್ಟಿಕೊಂಡ ಹೆಂಗಸು ಅವಳೊಬ್ಬಳೇ. ಹುಡುಗರು ತಿರುತಿರುಗಿ ನೋಡಿದರು. ಅವಳು ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ಗೇಟಿನ ಹೊರಗೆ ಹುಣಸೆಮರದ ಕೆಳಗೆ ಕಾದು ಕೂತೆ. ಬೇರೆ ಮಕ್ಕಳ ಅಪ್ಪಂದಿರು ಅಲ್ಲಿದ್ದರು. ಒಬ್ಬರು, "ಯಾರ್ ಬರೀತಾವ್ರೆ, ತಮ್ಮನಾ?" ಎಂದು ಕೇಳಿದರು. "ನಮ್ಮನೆಯವ್ರು" ಎಂದೆ. ಅವರು ಸ್ವಲ್ಪ ಸರಿದು ಕೂತರು.

ಗಂಟೆ ಹೊಡೆದ ಮೇಲೆ ಅವಳು ಬಂದಳು, ಬೆರಳೆಲ್ಲ ಶಾಯಿ. ಪ್ರಶ್ನೆಪತ್ರಿಕೆ ನನ್ನ ಕೈಗೆ ಕೊಟ್ಟಳು. ಬಸ್ಸು ಹಿಡಿದು ಕಿಟಕಿಯ ಪಕ್ಕ ಕೂತೆವು. ನಾನು ಮೊದಲಿಂದ ಒಂದೊಂದೇ ಲೆಕ್ಕ ಮನಸ್ಸಿನಲ್ಲೇ ಮಾಡುತ್ತ ಬಂದೆ. ಕೊನೆಯ ರೇಖಾಗಣಿತದ ಲೆಕ್ಕ ಮಾತ್ರ ಬರಲಿಲ್ಲ. ಒಂದು ವೃತ್ತ, ಅದಕ್ಕೆ ತಾಗುವ ಎರಡು ಗೆರೆ, ಯಾವುದೋ ಎರಡು ಕೋನ ಸಮ ಎಂದು ತೋರಿಸಬೇಕಿತ್ತು. ಐದಾರು ವರ್ಷದಲ್ಲಿ ಅಂಥದನ್ನು ನಾನೇ ಎಷ್ಟೋ ಸಲ ಹಲಗೆಯ ಮೇಲೆ ಮಾಡಿಸಿರಬೇಕು. ತೆರಕಣಾಂಬಿ ಬಂದು ಜನ ಇಳಿದು ಹತ್ತಿದರು. ನಾನು ಇನ್ನೂ ಪತ್ರಿಕೆಯನ್ನೇ ನೋಡುತ್ತಿದ್ದೆ.

"ಕಡೇದ್ ಬತ್ತಾ ನಿಮ್ಗ?" ಎಂದಳು.

ಬಾಯಿತುದಿಗೆ ಬಂದದ್ದು 'ಊ' ಎಂಬ ಮಾತೇ.

"ಇಲ್ಲ" ಎಂದೆ. "ನಂಗ ಬತ್ತಾ ಇಲ್ಲ. ನೀ ಎಂಗ್ ಮಾಡುದ್ದೆ?"

ಅವಳು ಪತ್ರಿಕೆಯನ್ನು ತೊಡೆಯ ಮೇಲೆ ತಿರುವಿ ಹಾಕಿ, ನನ್ನ ಜೇಬಿನಿಂದ ಪೆನ್ನು ತೆಗೆದುಕೊಂಡಳು. ಬಸ್ಸು ಕುಲುಕಾಡುತ್ತಿದ್ದುದರಿಂದ ವೃತ್ತ ಸೊಟ್ಟಗಾಯಿತು. "ಇಲ್ಲೊಂದು ಗೆರೆ ಎಳೀಬೇಕು, ಪತ್ರಿಕೇಲಿ ಇಲ್ದಿರೋದು" ಎಂದು ಶುರುಮಾಡಿದಳು. ಗುಂಡ್ಲುಪೇಟೆ ಬರುವವರೆಗೂ ಹೇಳುತ್ತಲೇ ಇದ್ದಳು. ನಾನು ತಿಳಿಯದ ಎರಡು ಕಡೆ ತಡೆದು ಕೇಳಿದೆ.